ಮೂರು ವರ್ಷ, ಎರಡು ಡ್ಯಾಶ್‌ಕ್ಯಾಮ್: ಕೋಲಾರದ ಬಿಸಿಲಲ್ಲಿ ಕಂಡಿದ್ದು

ದಿನಾ ಕೋಲಾರದಿಂದ ನರಸಾಪುರಕ್ಕೆ ಕಾರಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಟೊಮೆಟೊ ಗಾಡಿಗಳು, ಆಮೇಲೆ ಕಂಪನಿ ಬಸ್ಸುಗಳು. ಎನ್‌ಎಚ್ 75ರಲ್ಲಿ ಏನಾದರೂ ಆದರೆ ಸಾಕ್ಷಿ ಇರಲಿ ಅಂತ ಡ್ಯಾಶ್‌ಕ್ಯಾಮ್, ಅಂದರೆ ಕಾರಿನೊಳಗಿಂದ ರಸ್ತೆಯ ವಿಡಿಯೊ ತೆಗೆಯುತ್ತಲೇ ಇರುವ ಕ್ಯಾಮೆರಾ, ಹಾಕಿಸಿದೆ.

ಮೊದಲ ಕ್ಯಾಮೆರಾ ತಗೊಳ್ಳುವಾಗ ವಿಡಿಯೊ ಎಷ್ಟು ಚೆನ್ನಾಗಿದೆ ಅಂತ ಮಾತ್ರ ನೋಡಿದ್ದೆ. ಕೆಲಸದ ಜಾಗದಲ್ಲಿ ನೆರಳಿಲ್ಲ, ಕಾರು ಇಡೀ ದಿನ ಬಿಸಿಲಲ್ಲೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಒಂದು ಸಂಜೆ ನೋಡಿದರೆ ಕ್ಯಾಮೆರಾದ ಹಿಂಭಾಗ ಉಬ್ಬಿ, ಸ್ಕ್ರೀನಿನ ಒಂದು ಅಂಚು ಮೇಲೆದ್ದಿತ್ತು. ಒಳಗಿದ್ದ ಲಿಥಿಯಂ ಬ್ಯಾಟರಿ ಊದಿಕೊಂಡಿತ್ತು. ಅದಕ್ಕೂ ಮೊದಲೇ ಕಾರು ಸ್ಟಾರ್ಟ್ ಮಾಡಿದಾಗಲೆಲ್ಲ ತಾರೀಖು ತಪ್ಪಾಗಿ ಬರುತ್ತಿತ್ತು. ಅದೇ ಸೂಚನೆ ಅಂತ ಆಗ ಹೊಳೆಯಲಿಲ್ಲ.

ಎರಡನೆಯದು ಬ್ಯಾಟರಿ ಬದಲು ಸೂಪರ್ ಕೆಪ್ಯಾಸಿಟರ್ ಇರುವುದು. ಅದೂ ಸ್ವಲ್ಪ ಕರೆಂಟ್ ಹಿಡಿದಿಡುತ್ತದೆ, ಆದರೆ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಎರಡು ಬೇಸಿಗೆ ಕಳೆದಿದೆ, ಏನೂ ಆಗಿಲ್ಲ. ನಮ್ಮ ಕಡೆ ಬಿಸಿಲಿಗೆ ಬೇರೆ ಯಾವುದೂ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಫಿಟ್ಟಿಂಗ್‌ಗೆ ಎರಡು ಗಂಟೆ ಹಿಡಿಯಿತು. ಚಾರ್ಜರ್ ಸಾಕೆಟ್ಟಿನಿಂದ ವೈರ್ ನೇತಾಡುವುದು ಬೇಡ ಅಂತ ಫ್ಯೂಸ್ ಬಾಕ್ಸಿನಿಂದಲೇ ಕರೆಂಟ್ ಕೊಡಿಸಿದೆ. ಫಿಟ್ಟಿಂಗ್ ಮಾಡುವವರು ಮುಂದಿನ ಗ್ಲಾಸ್ ಪಕ್ಕದ ಕಂಬದ ಕವರ್ ಬಿಚ್ಚುವಾಗ ಹೇಳಿದೆ, "ಅಣ್ಣ, ಒಳಗೆ ಏರ್‌ಬ್ಯಾಗ್ ಇದೆ, ನೋಡ್ಕೊಂಡು." ಅವರು ಕೈಯಲ್ಲಿ ತೋರಿಸಿದರು: "ಗೊತ್ತು ಸಾರ್. ವೈರ್ ಅದರ ಹಿಂದಿಂದ ಹೋಗ್ಬೇಕು. ಮುಂದೆ ಹಾಕಿದ್ರೆ ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡ ಬರುತ್ತೆ." ಇಷ್ಟು ಗೊತ್ತಿರುವವರ ಹತ್ತಿರವೇ ಮಾಡಿಸಿ. ಕಾರಿನ ಹಿಂಭಾಗಕ್ಕೆ ಹಾಕಿದ ಕ್ಯಾಮೆರಾದ ವೈರನ್ನು ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೇ ಎಳೆದರು.

ನನಗೆ ಜಾಸ್ತಿ ನೋವು ಕೊಟ್ಟಿದ್ದು ಮೆಮೊರಿ ಕಾರ್ಡ್. ಸರ್ವಿಸ್ ರಸ್ತೆಯಲ್ಲಿ ಒಂದು ಟೆಂಪೊ ಎಡಗಡೆ ಬಾಗಿಲು ಉಜ್ಜಿಕೊಂಡು ಹೋಯಿತು. ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಕೊನೆಯ ವಿಡಿಯೊ ಹನ್ನೊಂದು ದಿನ ಹಿಂದಿನದು! ಹಳೇ ಫೋನಿನ ಮಾಮೂಲಿ ಕಾರ್ಡ್ ಅದು. ಡ್ಯಾಶ್‌ಕ್ಯಾಮ್ ಹಳೆಯದನ್ನು ಅಳಿಸಿ ಅಳಿಸಿ ಬರೆಯುತ್ತಲೇ ಇರುತ್ತದೆ, ಅಂಥ ಕಾರ್ಡ್ ತಡೆಯುವುದಿಲ್ಲ. ಎಚ್ಚರಿಸುವ ಬೀಪ್ ಸದ್ದನ್ನು ಕಿರಿಕಿರಿ ಅಂತ ನಾನೇ ಆಫ್ ಮಾಡಿದ್ದೆ. ಈಗ ಹೈ ಎಂಡ್ಯೂರೆನ್ಸ್ ಕಾರ್ಡ್, ಅಂದರೆ ಹೀಗೆ ಪದೇ ಪದೇ ಬರೆಯುವುದನ್ನು ತಡೆಯುವಂಥದ್ದು, ಹಾಕಿದ್ದೇನೆ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ. ಬೀಪ್ ಆನ್ ಇದೆ.

ಪಾರ್ಕಿಂಗ್ ಮೋಡ್, ಅಂದರೆ ಕಾರು ಆಫ್ ಆಗಿ ನಿಂತಾಗಲೂ ರೆಕಾರ್ಡಿಂಗ್, ಬೇಕಿದ್ದರೆ ಕಟ್-ಆಫ್ ವೋಲ್ಟೇಜ್ ನೋಡಿಕೊಳ್ಳಿ. ಕಾರಿನ ಬ್ಯಾಟರಿ ಅಷ್ಟಕ್ಕೆ ಇಳಿದರೆ ಕ್ಯಾಮೆರಾ ತಾನೇ ಆಫ್ ಆಗುತ್ತದೆ. 12 ವೋಲ್ಟಿಗೆ ಇಟ್ಟಿದ್ದೆ. ನಾಲ್ಕು ದಿನ ಊರಲ್ಲಿರಲಿಲ್ಲ, ಬಂದು ಕೀ ತಿರುಗಿಸಿದರೆ ಕಾರು ಸ್ಟಾರ್ಟೇ ಆಗಲಿಲ್ಲ. 12.4ಕ್ಕೆ ಏರಿಸಿದ ಮೇಲೆ ತೊಂದರೆಯಿಲ್ಲ.

ರಾತ್ರಿ ವಿಡಿಯೊ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1440ಪಿಯಷ್ಟು ಸ್ಪಷ್ಟ ವಿಡಿಯೊ ಇದ್ದರೂ ಹೆಡ್‌ಲೈಟ್ ಬೆಳಕಿಗೆ ನಂಬರ್ ಪ್ಲೇಟ್ ಬೆಳ್ಳಗೆ ಕಾಣುತ್ತದೆ. ಅದಕ್ಕೇ ನಂಬರ್ ಕಣ್ಣಿಗೆ ಬಿದ್ದ ತಕ್ಷಣ ಬಾಯಲ್ಲಿ ಜೋರಾಗಿ ಹೇಳಿಬಿಡುತ್ತೇನೆ. ಮೈಕ್ ಆನ್ ಇರುತ್ತದಲ್ವಾ, ದನಿ ರೆಕಾರ್ಡ್ ಆಗುತ್ತದೆ.

ಹೋದ ಜನವರಿಯಲ್ಲಿ ಮುಳಬಾಗಿಲಿಗೆ ಹೋಗುವಾಗ ಟೀ ಅಂಗಡಿ ಮುಂದೆ ನಿಲ್ಲಿಸಿದ್ದೆ. ಟೊಮೆಟೊ ಕ್ರೇಟು ತುಂಬಿದ ಪಿಕಪ್ ಒಂದು ರಿವರ್ಸ್ ಬಂದು ನನ್ನ ಬಂಪರಿಗೆ ಗುದ್ದಿತು. "ನೀವೇ ಬಂದು ಹೊಡೆದ್ರಿ" ಎಂದರು ಡ್ರೈವರ್. ನಾಲ್ಕೈದು ಜನ ಸೇರಿದರು. ಫೋನಿನಲ್ಲಿ ವಿಡಿಯೊ ತೋರಿಸಿದೆ. ರಿವರ್ಸ್ ಲೈಟ್ ಉರಿಯುವುದು, ನನ್ನ ಕಾರು ನಿಂತೇ ಇರುವುದು, ಎಲ್ಲಾ ಇತ್ತು. ಡ್ರೈವರ್ ಎರಡು ಸಲ ನೋಡಿ, ಓನರ್‌ಗೆ ಫೋನ್ ಮಾಡಿ, ಬಂಪರ್ ದುಡ್ಡು ಅಲ್ಲೇ ಕೊಡಿಸಿದರು.

ಇಂಥದ್ದು ಆದಾಗ ಮೊದಲು ಆ ಫೈಲ್ ಅಳಿಸಿ ಹೋಗದಂತೆ ಕ್ಯಾಮೆರಾದಲ್ಲಿ ಲಾಕ್ ಮಾಡಿ. ಮುಂದೆ, ಹಿಂದೆ ಎರಡೂ ಕ್ಯಾಮೆರಾ ಓಡಿದರೆ ನನ್ನ 64 ಜಿಬಿ ಕಾರ್ಡಿನಲ್ಲಿ ಸುಮಾರು ನಾಲ್ಕು ಗಂಟೆಯ ವಿಡಿಯೊ ಮಾತ್ರ ಉಳಿಯುತ್ತದೆ. ಆಮೇಲೆ ಹಳೆಯದರ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ.