ಮೂರು ದಿಂಬು, ಮೂರು ಥರದ ಕವರ್: ವೆಲ್ಕ್ರೋ, ಜಿಪ್, ಬರೀ ಮಡಿಕೆ

ಹೊಲಿಗೆ ಕಲಿಯಲು ದಿಂಬಿನ ಕವರ್‌ಗಿಂತ ಸುಲಭದ್ದು ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸುತ್ತ ನೇರ ಹೊಲಿಗೆ, ನಿಜ. ಆದರೆ ದಿಂಬು ಒಳಗೆ ಹೋಗುವ ಬಾಯನ್ನು ಹೇಗೆ ಮುಚ್ಚಬೇಕು ಅನ್ನೋದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಹತ್ತಿರ 16 ಇಂಚಿನ ಚೌಕ ದಿಂಬು ಮೂರಿದ್ದವು. ಒಂದೊಂದಕ್ಕೆ ಒಂದೊಂದು ಥರ ಹೊಲಿದು ನೋಡಿದೆ.

ಬಟ್ಟೆ ಮೂರಕ್ಕೂ ಒಂದೇ. ತೀರಾ ತೆಳುವಲ್ಲದ ಕಾಟನ್, ಒಗೆದು ಇಸ್ತ್ರಿ ಮಾಡಿದ್ದು. ಕವರ್ ಆದಮೇಲೆ ಕುಗ್ಗಿದರೆ ದಿಂಬು ಹಿಡಿಸುವುದಿಲ್ಲ, ಅದಕ್ಕೇ ಮೊದಲೇ ಒಗೆಯಬೇಕು. ಸೂಜಿ 14 ನಂಬರಿನದು, ಹೊಲಿಗೆಯ ಉದ್ದ 2.5 ಮಿಲಿಮೀಟರ್.

ವೆಲ್ಕ್ರೋ ಎಲ್ಲಕ್ಕಿಂತ ಸುಲಭ ಅನಿಸಿ ಮೊದಲು ಅದನ್ನೇ ಹಿಡಿದೆ. ತಪ್ಪು ಅಲ್ಲೇ ಆಯಿತು. ಹಿಂಬದಿಗೆ ಗೋಂದು ಇರುವ ಪಟ್ಟಿ ತಂದಿದ್ದೆ, ಅಂಟಿಸಿ ಮೇಲೊಂದು ಹೊಲಿಗೆ ಹಾಕಿದರೆ ಗಟ್ಟಿ ಅಂದುಕೊಂಡು. ಗೋಂದು ಸೂಜಿಗೆ ಮೆತ್ತಿಕೊಂಡಿತು. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ದಾರ ಪಟ್ ಅಂತ ಹರಿಯುತ್ತಿತ್ತು. ಗೋಂದಿಲ್ಲದ ಪಟ್ಟಿ ತಂದು ಮತ್ತೆ ಹೊಲಿದೆ, ಹೊಲಿಗೆಯೇನೋ ಸರಿಯಾಗಿ ಬಿತ್ತು. ಒಗೆದಾಗ ಬಂತು ನೋಡಿ ಇನ್ನೊಂದು ತೊಂದರೆ. ಪಟ್ಟಿಯ ಒರಟು ಭಾಗ ಜೊತೆಗಿದ್ದ ಟವೆಲ್ಲನ್ನು ಕಚ್ಚಿಕೊಂಡು ನೂಲೆಲ್ಲ ಎಳೆದು ಹಾಕಿತ್ತು. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಇದನ್ನು ಕಂಡುಹಿಡಿದದ್ದೇ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿ ನೋಡಿ. ಇದು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡರೆ ಬೈಯುವ ಹಾಗಿಲ್ಲ. ಒಗೆಯುವಾಗ ಪಟ್ಟಿ ಮುಚ್ಚಿಟ್ಟರೆ ಕಾಟ ಕಡಿಮೆ. ಆದರೂ ದಿಂಬಿಗೆ ಒರಗಿದಾಗ ಆ ದಪ್ಪ ಅಂಚು ಬೆನ್ನಿಗೆ ಒತ್ತುತ್ತದೆ.

ಜಿಪ್ ಅಂದರೆ ನನಗೆ ಭಯವಿತ್ತು. ಅರ್ಧ ಭಯ ಸುಮ್ನೆ. ಮಷಿನ್‌ಗೆ ಜಿಪ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ, ಜಿಪ್‌ಗೆಂದೇ ಇರುವ ಕಿರಿದಾದ ಪಾದ) ಹಾಕಿಕೊಂಡರೆ ಸೂಜಿ ಹಲ್ಲಿನ ಪಕ್ಕದಲ್ಲೇ ಹೋಗುತ್ತದೆ. ಮಾಮೂಲಿ ಫುಟ್‌ನಲ್ಲಿ ಪ್ರಯತ್ನಿಸಬೇಡಿ, ಅದು ಹಲ್ಲಿನ ಮೇಲೆ ಹತ್ತಿ ವಾಲುತ್ತದೆ. ಎರಡು ತುಂಡುಗಳನ್ನು ಸೇರಿಸಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಹೊಲಿಗೆಯ ಒಳಗಿನ ಅಂಚುಗಳನ್ನು ಎರಡು ಕಡೆಗೆ ಅಗಲಿಸಿ ಇಸ್ತ್ರಿ ಮಾಡಿ, ಜಿಪ್ಪನ್ನು ಬೋರಲಾಗಿ ಇಟ್ಟು ಎರಡೂ ಕಡೆ ಹೊಲಿದೆ. ಕೊಂಡಿ ಅಡ್ಡ ಬರುವ ಜಾಗದಲ್ಲಿ ಹೊಲಿಗೆ ಸೊಟ್ಟ ಹೋಗುತ್ತದೆ. ಅಲ್ಲಿ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಫುಟ್ ಎತ್ತಿ, ಕೊಂಡಿಯನ್ನು ಹಿಂದಕ್ಕೆ ಎಳೆದು ಮುಂದುವರಿಯಬೇಕು. ಆಮೇಲೆ ಕಚ್ಚಾ ಹೊಲಿಗೆ ಬಿಚ್ಚಿದೆ. ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಜಿಪ್ ಎಳೆದು ಮುಚ್ಚಿ ಒಂದು ಗಳಿಗೆ ನೋಡಿದೆ. ಹಾಗೇ ಮುಚ್ಚಿಟ್ಟು ಉಳಿದ ಮೂರು ಕಡೆ ಹೊಲಿದುಬಿಟ್ಟೆ. ಈಗ ಕವರ್ ಉಲ್ಟಾ ಇದೆ, ತಿರುಗಿಸೋಣವೆಂದರೆ ಬಾಯೇ ಇಲ್ಲ. ನಾಲ್ಕು ಇಂಚು ಬಿಚ್ಚಿ, ಒಳಗೆ ಎರಡು ಬೆರಳು ತೂರಿಸಿ ಕೊಂಡಿ ಹುಡುಕಬೇಕಾಯಿತು. ಮೂರು ಕಡೆ ಹೊಲಿಯುವ ಮುಂಚೆ ಜಿಪ್ ಅರ್ಧ ತೆರೆದಿಡಿ.

ಕೊನೆಯದು ಮಡಿಕೆಯದ್ದು. 17 ಇಂಚು ಅಗಲ, 40 ಇಂಚು ಉದ್ದದ ಒಂದೇ ತುಂಡು. ಎರಡು ತುದಿಯನ್ನೂ ಅರ್ಧ ಅರ್ಧ ಇಂಚು ಎರಡು ಸಲ ಮಡಚಿ ಹೊಲಿದರೆ 38 ಇಂಚು ಉಳಿಯುತ್ತದೆ. ಹಿಂದೆ ಮುಂದೆ ಸೇರಿ ದಿಂಬಿಗೆ 32 ಬೇಕು. ಬಾಕಿ 6 ಇಂಚಿನಷ್ಟು ಎರಡು ತುದಿಗಳು ಹಿಂಬದಿಯಲ್ಲಿ ಒಂದರ ಮೇಲೊಂದು ಕೂರುತ್ತವೆ, ದಿಂಬು ಹೋಗುವ ಬಾಯಿ ಅದೇ. ಬಟ್ಟೆಯ ಸೀದಾ ಭಾಗ ಒಳಗೆ ಬರುವಂತೆ ಮಡಚಿ, ಎರಡು ಪಕ್ಕ ಅರ್ಧ ಇಂಚು ಬಿಟ್ಟು ಹೊಲಿದು ತಿರುಗಿಸಿದರೆ ಆಯಿತು. ಒಂದೇ ಗಂಟೆಯ ಕೆಲಸ. ಆ 6 ಇಂಚಿನಲ್ಲಿ ಮಾತ್ರ ಜಿಪುಣತನ ಬೇಡ. ಮೊದಲ ಸಲ 3 ಇಂಚು ಸಾಕು ಅಂತ ಮಾಡಿದ್ದೆ, ದಿಂಬು ಹಾಕಿದ ತಕ್ಷಣ ಹಿಂದೆ ಬಾಯಿ ತೆರೆದುಕೊಂಡು ಒಳಗಿನದೆಲ್ಲ ಕಾಣುತ್ತಿತ್ತು. ಮಡಿಕೆ ಬಂದು ಸೇರುವ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಎರಡು ಸಲ ಹೊಲಿಯಿರಿ. ದಿಂಬು ತುರುಕುವಾಗ ಹರಿಯುವುದು ಅಲ್ಲೇ. ಮೂಲೆ ಚೂಪಾಗಲಿ ಅಂತ ಕತ್ತರಿಯ ತುದಿಯಿಂದ ಚುಚ್ಚಬೇಡಿ. ನಾನು ಚುಚ್ಚಿ, ಮೂಲೆಯೇ ತೂತಾಯಿತು. ಮೊಂಡು ಪೆನ್ಸಿಲ್ ಸಾಕು.

ಹೊಸಬರು ಕೇಳಿದರೆ ನಾನು ಮಡಿಕೆಯದ್ದನ್ನೇ ಹೇಳುತ್ತೇನೆ. ಜಿಪ್ಪಿನದು ಬಿಗಿಯಾಗಿ, ನೋಡಲು ಚೆಂದವಾಗಿ ಕೂರುತ್ತದೆ, ಎರಡನೆಯ ಕವರ್‌ಗೆ ಅದು. ವೆಲ್ಕ್ರೋ ಪಟ್ಟಿಯನ್ನು ಕಳೆದ ವಾರ ಕಿತ್ತೆ. ಆ ಬಟ್ಟೆಯಲ್ಲಿ ಮಡಿಕೆಗೆ ಸಾಕಾಗುವಷ್ಟು ಉಳಿದಿರಲಿಲ್ಲ. ಉಳಿದ ಚೂರುಗಳಲ್ಲೇ ನಾಲ್ಕು ಲಾಡಿ ಮಾಡಿ ಎರಡು ಕಡೆ ಗಂಟು ಹಾಕಿದ್ದೇನೆ.