ಸ್ಟ್ರಾಸ್ ಅವರ ‘ಮೋರ್ಗನ್’: ಪಿಯಾನೊ ಜೊತೆಗೋ, ಆರ್ಕೆಸ್ಟ್ರಾ ಜೊತೆಗೋ?

ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1894ರ ಸೆಪ್ಟೆಂಬರಿನಲ್ಲಿ ಗಾಯಕಿ ಪೌಲೀನ ಡ ಆನಾ ಅವರನ್ನು ವಿವಾಹವಾದಾಗ, ಕಂಠ ಮತ್ತು ಪಿಯಾನೊಗಳಿಗೆಂದು ರಚಿಸಿದ ನಾಲ್ಕು ಹಾಡುಗಳನ್ನು ಆಕೆಗೆ ಉಡುಗೊರೆಯಾಗಿ ಕೊಟ್ಟರು. ಓಪಸ್ (ಕೃತಿಸಂಖ್ಯೆ) 27 ಎಂಬ ಆ ಗುಚ್ಛದ ಕೊನೆಯ ಹಾಡು ‘ಮೋರ್ಗನ್’, ಅಂದರೆ ‘ನಾಳೆ’. ಕವಿತೆ ಜಾನ್ ಹೆನ್ರಿ ಮಕಾಯ್ ಅವರದು. 1897ರಲ್ಲಿ ಸ್ಟ್ರಾಸ್ ಅವರೇ ಇದನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದರು. ಎರಡೂ ರೂಪಗಳನ್ನು ಸ್ವರಲಿಪಿ ಮುಂದಿಟ್ಟುಕೊಂಡು ಬೇರೆ ಬೇರೆ ಗಾಯಕರ ಕಂಠದಲ್ಲಿ ಕೇಳಿ, ಪಿಯಾನೊ ಭಾಗವನ್ನು ನಾನೇ ನುಡಿಸಿಯೂ ನೋಡಿದ ಮೇಲೆ, ಹಾಡಿನ ಜೀವ ಪಿಯಾನೊ ರೂಪದಲ್ಲಿಯೇ ಇದೆ ಎಂಬ ನಿಲುವಿಗೆ ಬಂದಿದ್ದೇನೆ.

ಹಾಡಿನ ಮುಖ್ಯ ರಾಗವನ್ನು ಮೊದಲು ಪೂರ್ತಿಯಾಗಿ ಹೇಳುವುದು ಗಾಯಕರಲ್ಲ, ವಾದ್ಯ. ದೀರ್ಘವಾದ ಆ ಪೀಠಿಕೆ ಮುಗಿಯುವ ಹೊತ್ತಿಗೆ, ಆಗಲೇ ನಡೆಯುತ್ತಿದ್ದ ಮಾತುಕತೆಯೊಂದರಲ್ಲಿ ಸೇರಿಕೊಂಡಂತೆ ಕಂಠ ಮೆಲ್ಲನೆ ಒಳಬರುತ್ತದೆ. ಆರ್ಕೆಸ್ಟ್ರಾ ರೂಪದಲ್ಲಿ ಈ ರಾಗ ಒಂಟಿ ವಯೊಲಿನ್‌ಗೆ ಸೇರಿದೆ. ಅದರಡಿಯಲ್ಲಿ ಹಾರ್ಪ್ ಸ್ವರಗಳನ್ನು ಬಿಡಿಸುತ್ತ ಹೋಗುತ್ತದೆ. ವಯೊಲಿನ್ ವಾದಕರು ಪ್ರತಿ ಸ್ವರವನ್ನೂ ಕಮಾನಿನಿಂದ ಹಿಡಿದಿಡಬಲ್ಲರು, ಬೇಕೆಂದಲ್ಲಿ ಉಬ್ಬಿಸಬಲ್ಲರು. ಅದರ ಸೊಗಸು ಮೊದಲ ಕೇಳ್ವಿಕೆಯಲ್ಲೇ ಮನಸ್ಸನ್ನು ತುಂಬುತ್ತದೆಂಬುದನ್ನು ಒಪ್ಪುತ್ತೇನೆ. ಆದರೆ ಆ ಸೊಗಸಿನಿಂದಲೇ ಗಮನವೆಲ್ಲ ವಯೊಲಿನ್ ಕಡೆಗೆ ಹರಿದು, ಗಾಯಕರು ಎರಡನೆಯವರಾಗುತ್ತಾರೆ.

ಪಿಯಾನೊದಲ್ಲಿ, ವೀಣೆಯ ಮೀಟಿನಂತೆ, ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಇಷ್ಟು ನಿಧಾನದ ನಡೆಯಲ್ಲಿ ಒಂದು ಸ್ವರದ ಬಾಲಕ್ಕೆ ಮುಂದಿನದನ್ನು ಅದೇ ತೂಕದಲ್ಲಿ ಜೋಡಿಸಬೇಕು. ತುಸು ಗಟ್ಟಿಯಾದರೆ ರಾಗ ತುಂಡಾಗುತ್ತದೆ, ಸ್ವರವನ್ನು ಮೊಳಗುತ್ತಲೇ ಇರಿಸುವ ಕಾಲಿನ ಪೆಡಲ್ ಹೆಚ್ಚಾದರೆ ಕಲಸಿಹೋಗುತ್ತದೆ. ನುಡಿಸಲು ಇದು ಕಷ್ಟವೇ, ಆದರೆ ಕೇಳುಗರಿಗೆ ಆ ಕಷ್ಟದಿಂದಲೇ ಲಾಭ, ಏಕೆಂದರೆ ಮಾಯುತ್ತಿರುವ ಸ್ವರವನ್ನು ಕಿವಿ ತಾನೇ ಮುಂದುವರಿಸಿಕೊಳ್ಳುತ್ತದೆ.

ವ್ಯತ್ಯಾಸ ನಿಜವಾಗಿ ತೀರ್ಮಾನವಾಗುವುದು ಹಾಡಿನ ಕೊನೆಯ ಭಾಗದಲ್ಲಿ. ಪ್ರೇಮಿಗಳಿಬ್ಬರು ಸಮುದ್ರತೀರಕ್ಕಿಳಿದು, ಮಾತಿಲ್ಲದೆ ಒಬ್ಬರ ಕಣ್ಣನ್ನೊಬ್ಬರು ನೋಡುವಲ್ಲಿ ಬಿಡಿಸಿದ ಸ್ವರಗಳ ಅಲೆಯಂತಹ ಹರಿವು ನಿಂತು, ಹಲವು ಸ್ವರಗಳು ಒಟ್ಟಿಗೆ ನುಡಿಯುವ ದೀರ್ಘವಾದ ಸ್ವರಮೇಳಗಳಷ್ಟೇ ಉಳಿಯುತ್ತವೆ. ಕಂಠವೂ ಮಾತಿನ ಸಮೀಪಕ್ಕೆ ಬರುತ್ತದೆ. ತಂತಿವಾದ್ಯಗಳು ಇಲ್ಲಿ ಸ್ವರವನ್ನು ಸಮನಾಗಿ ಎಳೆದು ಹಿಡಿಯುತ್ತವೆ, ಹೀಗಾಗಿ ಮೌನದ ವರ್ಣನೆ ಮಾತ್ರ ಸಿಗುತ್ತದೆ. ಪಿಯಾನೊ ಸ್ವರಮೇಳವಾದರೋ ಕಂಠದ ಕೆಳಗೇ ಕರಗಿಹೋಗುವುದರಿಂದ ಮೌನ ನಿಜವಾಗಿಯೇ ಕಿವಿಗೆ ತಾಕುತ್ತದೆ.

ಇದನ್ನು ಗುಚ್ಛಕ್ಕೆಲ್ಲ ಅನ್ವಯಿಸಲಾಗದು. ಮದುವೆಯ ಹಿಂದಿನ ದಿನ ಬರೆದ ‘ಸೆಸೀಲಿಯ’ದ ಭೋರ್ಗರೆತಕ್ಕೆ ಆರ್ಕೆಸ್ಟ್ರಾವೇ ಸರಿ. ಗುಚ್ಛದ ಮೊದಲ ಹಾಡಾದ ‘ರೂಎ, ಮೈನ ಜೇಲ’ವನ್ನು ಸ್ಟ್ರಾಸ್ ಆರ್ಕೆಸ್ಟ್ರಾಕ್ಕೆ ಅಳವಡಿಸಿದ್ದು 1948ರಲ್ಲಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ. ಆ ಆರ್ಕೆಸ್ಟ್ರಾ ರೂಪದ ಗಾಢ ನಾದಗಳ ಭಾರವನ್ನು ಪಿಯಾನೊದಿಂದ ನಿರೀಕ್ಷಿಸುವಂತಿಲ್ಲ.

‘ಮೋರ್ಗನ್’ ಅನ್ನು ಹೊಸದಾಗಿ ಕೇಳುವವರು ಪಿಯಾನೊ ರೂಪದಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ವಯೊಲಿನ್ ಒಮ್ಮೆ ಕಿವಿಯಲ್ಲಿ ನೆಲೆಸಿದರೆ ಪಿಯಾನೊ ಬಡವಾಗಿ ಕೇಳಿಸುವ ಅಪಾಯವಿದೆ. ಪಿಯಾನೊವನ್ನು ಮೊದಲು ಕೇಳಿದವರಿಗೆ ಎರಡೂ ದಕ್ಕುತ್ತವೆ.