104 ಕೆಜಿ ಆಸಾಮಿಗೆ ಯಾವ ಚಕ್ರ? ನಾಲ್ಕು ಥರ ತುಳಿದು ನೋಡಿದೆ

ನನ್ನ ತೂಕ 104 ಕೆಜಿ. ಸೈಕಲ್ಲು ಹತ್ತೂವರೆ. ಎರಡು ಬಾಟಲಿ ನೀರು, ಪಂಪು, ಟ್ಯೂಬು, ಜೇಬಿನಲ್ಲಿರುವ ಚಿಕ್ಕಿ ಎಲ್ಲ ಸೇರಿದರೆ 118ರ ಹತ್ತಿರ. ಇದನ್ನು ಮೊದಲೇ ಹೇಳಿಬಿಡಬೇಕು. ರೋಡ್ ಬೈಕ್ ಚಕ್ರಗಳ ಬಗ್ಗೆ ಸಲಹೆ ಕೊಡುವವರಲ್ಲಿ ಜಾಸ್ತಿ ಜನ 65 ಕೆಜಿಯವರು. ಅವರಿಗೆ ಯಾವ ಚಕ್ರ ಹಾಕಿದರೂ ನಡೆಯುತ್ತದೆ.

ನಾನಿರುವುದು ವಿದ್ಯಾರಣ್ಯಪುರದಲ್ಲಿ. ವಾರದ ದಿನ ಹೆಸರಘಟ್ಟದ ಕಡೆ, ಭಾನುವಾರ ನಂದಿ ಬೆಟ್ಟ. ಸೈಕಲ್ಲು ಹಳೆಯದು, ರಿಮ್ ಬ್ರೇಕಿನದು. ಅಂದರೆ ಬ್ರೇಕ್ ರಬ್ಬರು ಚಕ್ರದ ಹೊರಬಳೆಯನ್ನೇ (ರಿಮ್) ಒತ್ತಿ ಹಿಡಿಯುತ್ತದೆ. ಡಿಸ್ಕ್ ಇರುವವರು ಬ್ರೇಕಿನ ಮಾತು ಬಂದಾಗ ಮುಂದಕ್ಕೆ ಹೋಗಬಹುದು.

ಸೈಕಲ್ ಜೊತೆ ಬಂದ ಚಕ್ರಗಳಲ್ಲಿ ಮುಂದೆ 20 ಕಡ್ಡಿ, ಹಿಂದೆ 24. ಅಂಗಡಿಯಲ್ಲಿ ಸ್ಪೋಕ್ ಅಂತಾರೆ, ನನಗೆ ಚಿಕ್ಕಂದಿನಿಂದ ಕಡ್ಡಿಯೇ ರೂಢಿ. ಮೊದಲ ಕಡ್ಡಿ ಮುರಿದದ್ದು ನಂದಿ ಹತ್ತುವಾಗ. ಎದ್ದು ನಿಂತು ತುಳಿಯುತ್ತಿದ್ದೆ, ಹಿಂದಿನಿಂದ 'ಟಣ್' ಅಂತು. ಚಕ್ರ ಸೊಟ್ಟಗಾಗಿ ಬ್ರೇಕ್ ರಬ್ಬರಿಗೆ ಉಜ್ಜತೊಡಗಿತು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಹಿಂದಿನ ಬ್ರೇಕ್ ಸಡಿಲ ಮಾಡಿಕೊಂಡು, ಬೆಟ್ಟದ ಅರ್ಧದಿಂದಲೇ ವಾಪಸ್ ಇಳಿದೆ. 2,600 ಕಿಲೋಮೀಟರಲ್ಲಿ ಮೂರು ಕಡ್ಡಿ ಹೋದವು. ಮೂರೂ ಹಿಂದಿನ ಚಕ್ರದ್ದು, ಮೂರೂ ಎಡಗಡೆಯದು, ಮೂರೂ ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಬಗ್ಗಿರುವ ಜಾಗದಲ್ಲೇ ಮುರಿದವು.

ಇದು ಕಾಕತಾಳೀಯ ಅಲ್ಲ ಅಂತ ತಿಳಿದದ್ದು ಯಶವಂತಪುರದ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿನ ಯಜಮಾನರು ಚಕ್ರ ಬಿಚ್ಚಿ, ಬೆರಳಲ್ಲಿ ಕಡ್ಡಿಗಳನ್ನು ಒಂದೊಂದಾಗಿ ಮೀಟಿದರು. ಬಲಗಡೆಯದು 'ಟಿಂಗ್'. ಎಡಗಡೆಯದು 'ಡುಬ್'.

"ಬಿಗಿ ಜಾಸ್ತಿಯಾಗಿ ಮುರೀತಾ ಯಜಮಾನ್ರೇ?" ಅಂದೆ.

"ಇಲ್ಲ ಸಾರ್, ಸಡಿಲ ಆಗಿ ಮುರ್ದೈತೆ. ತಂತಿ ಕೈಯಲ್ಲಿ ಮುರಿಯೋವಾಗ ಹೆಂಗೆ ಮುರೀತೀರಾ? ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತಾನೆ?"

ವಿಷಯ ಅಷ್ಟೇ. ಚಕ್ರ ಒಂದು ಸುತ್ತು ತಿರುಗಿದಾಗ ಪ್ರತಿ ಕಡ್ಡಿಯೂ ಒಂದು ಸಲ ನೆಲದ ಕಡೆಗೆ ಬರುತ್ತದೆ. ಆಗ ಅದರ ಎಳೆತ ಕಡಿಮೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಹಿಂದಿನ ಚಕ್ರದ ಬಲಗಡೆ ಗೇರುಗಳು ಜಾಗ ತಿನ್ನುವುದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ತುಂಬಾ ಬಿಗಿ ಇರುತ್ತವೆ. ರಿಮ್ ಮಧ್ಯಕ್ಕೆ ಕೂರಬೇಕಾದರೆ ಎಡಗಡೆಗೆ ಹೆಚ್ಚುಕಮ್ಮಿ ಅದರ ಅರ್ಧ ಬಿಗಿ ಮಾತ್ರ ಕೊಡಲು ಸಾಧ್ಯ. ಮೇಲೆ ನನ್ನಂಥವನು ಕೂತರೆ ಆ ಅರ್ಧವೂ ಕೆಳಗೆ ಬಂದಾಗ ಪೂರ್ತಿ ಖಾಲಿ. ಹೀಗೆ ಲಕ್ಷಾಂತರ ಸಲ ಆದರೆ ಕಡ್ಡಿ ಬಗ್ಗಿದ ಜಾಗದಲ್ಲೇ ಕೈಕೊಡುತ್ತದೆ.

ಅಂಗಡಿ ಮುಂದೆ ಹಾಲಿನವರ ಹಳೇ ಕರೀ ಸೈಕಲ್ಲು ನಿಂತಿತ್ತು. ಯಜಮಾನರು ಅದನ್ನು ತೋರಿಸಿ, "ಹಿಂದೆ 40, ಮುಂದೆ 32. ಎರಡು ಕ್ಯಾನು, ಮೇಲೊಬ್ಬ ಮನುಷ್ಯ. ನಿಮ್ಗೆ ನೋಡಿದ್ರೆ 24 ಕಡ್ಡಿ ಕೊಟ್ಟು ಕೂರ್ಸವ್ರೆ" ಅಂತ ನಕ್ಕರು. ಅವರ ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಕಾರ್ಖಾನೆಯಲ್ಲೇ ಕಟ್ಟಿದ 'ಅಪ್‌ಗ್ರೇಡ್' ಅಲ್ಯೂಮಿನಿಯಂ ಜೋಡಿ ಕೊಂಡೆ. ಹೆಸರು ಬೇಡ. ಚಪ್ಪಟೆ ಕಡ್ಡಿಗಳು, ಬುಡದಲ್ಲಿ ಬಾಗು ಇಲ್ಲದವು, ಹಿಂದೆ ಮತ್ತದೇ 24. ಪುಸ್ತಕದಲ್ಲಿ ತೂಕದ ಮಿತಿ 120 ಕೆಜಿ ಅಂತ ಇತ್ತು, ಸೈಕಲ್ಲೂ ಸೇರಿ. ಆ 'ಸೇರಿ' ಅನ್ನುವುದನ್ನು ಮಾರುವಾಗ ಯಾರೂ ಬಾಯಿಬಿಡುವುದಿಲ್ಲ. ಓಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬಿಗಿಯೂ ಹದವಾಗಿತ್ತು, 1,900 ಕಿಲೋಮೀಟರ್ ತಕರಾರಿಲ್ಲ. ಆಮೇಲೆ ಜಾಲಹಳ್ಳಿ ಹತ್ತಿರ, ಮಳೆನೀರು ತುಂಬಿದ್ದ ಗುಂಡಿ. ನೀರಿದೆ ಅಂತ ಗೊತ್ತಿತ್ತು, ಆಳ ಗೊತ್ತಿರಲಿಲ್ಲ. ಒಂದು ಕಡ್ಡಿ ಹೋಯಿತು, ರಿಮ್ ಸ್ವಲ್ಪ ವಾಲಿತು. ಆ ನಮೂನೆಯ ಕಡ್ಡಿ ಊರಲ್ಲಿ ಯಾವ ಅಂಗಡಿಯಲ್ಲೂ ಇಲ್ಲ. ತರಿಸಲು ಮೂರು ವಾರ. ಒಂದು ಕಡ್ಡಿಗೆ! 24ರಲ್ಲಿ ಒಂದು ಹೋಗಿ, ರಿಮ್ಮೂ ವಾಲಿದರೆ ಚಕ್ರ ಎಷ್ಟು ಸೊಟ್ಟಗಾಗುತ್ತದೆ ಅಂದರೆ ತಳ್ಳಿಕೊಂಡೇ ಮನೆಗೆ ಬರಬೇಕು. ಬಂದೆ.

ಆ ಮೂರು ವಾರ ಗೆಳೆಯ ತನ್ನ ಕಾರ್ಬನ್ ಜೋಡಿ ಕೊಟ್ಟ, ರಿಮ್ 50 ಮಿಲಿಮೀಟರ್ ಎತ್ತರದ್ದು. ಮೊದಲು ಬ್ರೇಕ್ ರಬ್ಬರ್ ಬದಲಿಸಿದೆವು. ಹಳೆಯದರಲ್ಲಿ ಅಂಟಿಕೊಂಡ ಅಲ್ಯೂಮಿನಿಯಂ ಚೂರುಗಳು ಕಾರ್ಬನ್ನನ್ನು ಗೀರಿಬಿಡುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಮಜಾ ಬಂತು, ಎಳೆದುಕೊಂಡು ಹೋಗುತ್ತದೆ. ಕಡ್ಡಿಗಳ ಸದ್ದೇ ಇಲ್ಲ. ಎತ್ತರದ ರಿಮ್ ತಾನೇ ಗಟ್ಟಿ ಇರುವುದರಿಂದ ತೂಕ ಒಂದೇ ಕಡ್ಡಿಯ ಮೇಲೆ ಬೀಳುವುದಿಲ್ಲ. ದೇವನಹಳ್ಳಿ ರಸ್ತೆಯಲ್ಲಿ ಅಡ್ಡಗಾಳಿ ಬಂದರೆ ಮುಂದಿನ ಚಕ್ರ ಪಕ್ಕಕ್ಕೆ ಜಗ್ಗುತ್ತದೆ, ಅದು ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ನಂದಿ ಇಳಿಯುವುದು. 118 ಕೆಜಿಯನ್ನು ತಿರುವಿನಿಂದ ತಿರುವಿಗೆ ನಿಲ್ಲಿಸುವ ಬಿಸಿಯೆಲ್ಲ ರಿಮ್ಮಿಗೇ ಹೋಗುತ್ತದೆ. ಕಾರ್ಬನ್ ಆ ಬಿಸಿಯನ್ನು ಅಲ್ಯೂಮಿನಿಯಂನಂತೆ ಬೇಗ ಬಿಟ್ಟುಕೊಡುವುದಿಲ್ಲ, ವಿಪರೀತ ಬಿಸಿಯಾದರೆ ಅದರೊಳಗಿನ ಅಂಟು ಮೆತ್ತಗಾಗುತ್ತದೆ. ಎರಡು ಕಡೆ ನಿಂತು ರಿಮ್ ಮುಟ್ಟಿ ನೋಡಿದೆ. ಆ ಹೆದರಿಕೆ ಇಟ್ಟುಕೊಂಡು ಲಕ್ಷದ ಹತ್ತಿರದ ವಸ್ತುವನ್ನು ಬೆಂಗಳೂರಿನ ಗುಂಡಿಗಳಲ್ಲಿ ಓಡಿಸುವುದು ನನ್ನಿಂದಾಗದ ಕೆಲಸ. ತೊಳೆದು, ಒರೆಸಿ ವಾಪಸ್ ಕೊಟ್ಟೆ.

ಕೊನೆಗೆ ಯಶವಂತಪುರಕ್ಕೇ ಹೋದೆ. ಯಜಮಾನರು ಬದಲಿಸಲು ಹೇಳಿದ್ದು ಒಂದೇ ಚಕ್ರ, ಹಿಂದಿನದು. ನಮ್ಮ ತೂಕದಲ್ಲಿ ನೂರಕ್ಕೆ 60 ಭಾಗ ಹಿಂದಿನ ಚಕ್ರದ ಮೇಲೇ ಇರುತ್ತದೆ. ಮುಂದಿನದಕ್ಕೆ ಎರಡೂ ಕಡೆ ಸಮ ಬಿಗಿ ಇರುವುದರಿಂದ 20 ಕಡ್ಡಿಯೂ ಸುಮ್ನೆ ಓಡುತ್ತಿರುತ್ತದೆ. ಶಿಮಾನೊ 105 ಹಬ್, ಡಿಟಿ ಸ್ವಿಸ್ ಆರ್ 460 ರಿಮ್, 32 ಕಡ್ಡಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯಲು ಹಿತ್ತಾಳೆ ನಿಪ್ಪಲ್. ಕಡ್ಡಿಗಳು ತುದಿಗಳಲ್ಲಿ 2 ಮಿಲಿಮೀಟರ್, ನಡುವೆ 1.8. ನಡು ಸಣ್ಣದಾದರೆ ಗಟ್ಟಿ ಹೇಗೆ ಅಂತ ನನಗೂ ಅನ್ನಿಸಿತ್ತು. ನಡು ಸ್ವಲ್ಪ ಹಿಗ್ಗುವುದರಿಂದ ಗುಂಡಿಯ ಹೊಡೆತವನ್ನು ಅದೇ ತಿನ್ನುತ್ತದೆ, ಬಗ್ಗಿದ ಜಾಗಕ್ಕೆ ಏಟು ಕಡಿಮೆ.

ಕಟ್ಟುವುದನ್ನು ಸ್ಟೂಲ್ ಮೇಲೆ ಕೂತು ನೋಡಿದೆ. ಬಲಗಡೆ ಮೀಟರಿನಲ್ಲಿ 115 ಕೆಜಿ ಎಳೆತ ಬರುವವರೆಗೆ ಕೀಯಿಂದ ನಿಪ್ಪಲ್ಲಿಗೆ ಕಾಲು ಸುತ್ತು, ಕಾಲು ಸುತ್ತು. ಆಮೇಲೆ ಎರಡೆರಡು ಕಡ್ಡಿಗಳನ್ನು ಒಟ್ಟಿಗೆ ಹಿಡಿದು, ಬಟ್ಟೆ ಹಿಂಡಿ ನೀರು ತೆಗೆಯುವ ಹಾಗೆ ಬಲವಾಗಿ ಹಿಚುಕಿದರು. ಚಟಚಟ ಅಂತ ಸದ್ದು. ಕಡ್ಡಿಗಳು ತಮ್ಮ ಜಾಗದಲ್ಲಿ ಕೂತಾಗ ಬರುವ ಸದ್ದದು. ಮತ್ತೆ ಕೀ, ಮತ್ತೆ ಹಿಚುಕು. ಇದನ್ನು ನಾಲ್ಕು ಸಲ ಮಾಡಿದರು. ಯಂತ್ರದಲ್ಲಿ ಅವಸರಕ್ಕೆ ಕಟ್ಟಿದ ಅಗ್ಗದ ಚಕ್ರದಲ್ಲಿ ತಪ್ಪಿಹೋಗುವುದು ಇದೇ ಹಂತ. ಎಲ್ಲ ಸೇರಿ 14,000 ರೂಪಾಯಿ ಆಯಿತು.

ಎಂಟು ಕಡ್ಡಿ ಜಾಸ್ತಿ ಅಂದರೆ ಭಾರ ಅಲ್ವಾ ಅಂತ ಕೇಳುತ್ತಾರೆ. ಕಡ್ಡಿ, ನಿಪ್ಪಲ್ ಸೇರಿ ಒಂದಕ್ಕೆ ಏಳು ಗ್ರಾಂ. ಎಂಟಕ್ಕೆ 56. ಅರ್ಧ ತಟ್ಟೆ ಇಡ್ಲಿಗಿಂತ ಕಡಿಮೆ. ನಾನು ನಂದಿಗೆ ಹೋಗುವ ದಾರಿಯಲ್ಲಿ ಅಂಥ ನಾಲ್ಕು ಒಳಗೆ ಹಾಕುತ್ತೇನೆ.

300 ಕಿಲೋಮೀಟರ್ ಆದ ಮೇಲೆ ಒಮ್ಮೆ ತೋರಿಸಿ ಸರಿ ಮಾಡಿಸಿಕೊಂಡೆ. ಈಗ ಒಂದೂವರೆ ವರ್ಷ, 5,200 ಕಿಲೋಮೀಟರ್. ಒಂದು ಕಡ್ಡಿಯೂ ಮುರಿದಿಲ್ಲ. ಒಂದು ಸಲ ಕತ್ತಲಲ್ಲಿ ಬಣ್ಣ ಬಳಿಯದ ಹಂಪ್ ಮೇಲೆ ದಬಕ್ಕನೆ ಬಿದ್ದು ಎರಡು ಮಿಲಿಮೀಟರ್ ಸೊಟ್ಟಗಾಯಿತು. ಅರ್ಧ ಗಂಟೆಯಲ್ಲಿ ನೆಟ್ಟಗಾಯಿತು, ನೂರು ರೂಪಾಯಿ. ತಕರಾರೇ ಇಲ್ಲ ಅಂತಲ್ಲ. ಈ ಹಬ್ಬಿನ ಒಳಗೆ ಬಿಡಿ ಗುಂಡುಗಳು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗ್ರೀಸ್ ಹಾಕದಿದ್ದರೆ ಗರಗರ ಅನ್ನುತ್ತದೆ. ಗಾಳಿಗೆ ಎದುರು ಹೋಗುವಾಗ ಕಾರ್ಬನ್ನಿನ ನೆನಪೂ ಆಗುತ್ತದೆ.

110 ದಾಟಿದವರು, ಸಾಮಾನು ಕಟ್ಟಿಕೊಂಡು ದೂರ ಹೋಗುವವರು 36 ಕಡ್ಡಿ ಹಾಕಿಸಲಿ. ಯೋಚನೆಯೇ ಬೇಡ.

ಉಳಿದ ದುಡ್ಡಿಗೆ 28 ಮಿಲಿಮೀಟರ್ ಅಗಲದ ಟೈರು ಹಾಕಿಸಿದೆ. ನನ್ನ ಫ್ರೇಮಿನಲ್ಲಿ ಕಾಗದ ತೂರುವಷ್ಟು ಸಂದು ಉಳಿದಿದೆ ಅಷ್ಟೇ. ಮೊದಲು 23 ಇದ್ದಾಗ 120 ಪಿಎಸ್‌ಐ ಹೊಡೆದರೂ ಗುಂಡಿಗೆ ಬಿದ್ದರೆ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು. ಈಗ ಹಿಂದೆ 95 ಸಾಕು, ಚಕ್ರಕ್ಕೂ ಸೊಂಟಕ್ಕೂ ಏಟು ಕಡಿಮೆ. ಮುಂದಿನದು ಇನ್ನೂ ಸೈಕಲ್ ಜೊತೆ ಬಂದ ಅದೇ 20 ಕಡ್ಡಿಯದು. ಹೋದಾಗಲೆಲ್ಲ ಯಜಮಾನರು ಅದನ್ನೂ ಒಮ್ಮೆ ಮೀಟಿ ನೋಡುತ್ತಾರೆ, ತಲೆಯಾಡಿಸಿ ವಾಪಸ್ ಕೊಡುತ್ತಾರೆ.